ಆಕ್ಸಲ್ ಕೂಡಿಸಿದ ಮಜೂರಿ

ಮಜೂರಿ ಕೇಳಲು ನಾನು ಬಂದರಿನ ಆ ಅಂಗಡಿಗೆ ಮೂರು ಸಲ ಹೋದೆ. ಮೂರನೆಯ ಸಲ ಹೋಗದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಮೂವತ್ತರ ದಶಕದ ಮಾತು. ಮಂಗಳೂರಿನಲ್ಲಿ ಬಾಡಿಗೆಗೆ ಓಡುವ ಕಾರುಗಳು ಆಗ ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ನನ್ನದು, ಯಾರೋ ಓಡಿಸಿ ಬಿಟ್ಟ ಹಳೆಯದು. ಹಿಂದಿನ ಚಕ್ರವನ್ನು ತಿರುಗಿಸುವ ಉಕ್ಕಿನ ಸರಳು, ಅಂದರೆ ಆಕ್ಸಲ್, ಸವೆದಿತ್ತು. ಬಂದರಿನ ಅಂಗಡಿಯಿಂದ ಹೊಸದನ್ನು ತಂದೆ. ಊರಿನದೇ ಜೆಪ್ಪು ಎಂಬ ಕೇರಿಯ ಮೇಸ್ತ್ರಿ ಮೂರು ದಿನ ಕಾರಿನಡಿ ಅಂಗಾತ ಮಲಗಿ ಅದನ್ನು ಕೂಡಿಸಿದರು. ಕೊಂಕಣಿ ಮಾತಾಡುವ ಕ್ರೈಸ್ತರು, ನನ್ನ ತಂದೆಯ ಪ್ರಾಯದವರು. ನಾವೆಲ್ಲ ಅವರನ್ನು ಪೊರ್ಬು ಎಂದೇ ಕರೆಯುತ್ತಿದ್ದೆವು. ಮಜೂರಿ ಕೊಟ್ಟು ನನ್ನ ಕೈ ಬರಿದಾಯಿತು.

ಎಂಟನೆಯ ದಿನ ಕದ್ರಿಯ ಏರಿನಲ್ಲಿ ಆಕ್ಸಲ್ ತುಂಡಾಯಿತು. ಹಿಂದಿನ ಸೀಟಿನಲ್ಲಿ ಬಾಣಂತಿ, ಮಡಿಲಲ್ಲಿ ಕೂಸು. ಕಾರು ಹಿಂದಕ್ಕೆ ಜಾರತೊಡಗಿತು, ಬ್ರೇಕು ಹಿಡಿಯಲಿಲ್ಲ. ಹೇಗೋ ತಿರುಗಿಸಿ ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. 

ಮರುದಿನ ಪೊರ್ಬು ಬಿಚ್ಚಿದರು. ಮುರಿದ ತುದಿಯನ್ನು ನನ್ನೆದುರು ಹಿಡಿದರು.

"ನೋಡು ಮಾರಾಯ, ಅರ್ಧ ಬಿಳಿ, ಅರ್ಧ ಕಪ್ಪು. ಬಿಳಿ ನಿನ್ನೆ ಮುರಿದದ್ದು. ಕಪ್ಪು ಉಂಟಲ್ಲ, ಅದು ಅಂಗಡಿಯಿಂದ ತರುವ ಮೊದಲೇ ಬಿರುಕು ಬಿಟ್ಟದ್ದು. ಮೇಲೆ ಗ್ರೀಸು ಇತ್ತು, ನನಗೂ ಕಾಣಲಿಲ್ಲ. ಕಂಡಿತಾ?"

ನನ್ನ ತಲೆಯ ತುಂಬ ತಪ್ಪಿಹೋದ ಬಾಡಿಗೆಗಳೇ ಇದ್ದವು. ಅತ್ತ ಕಣ್ಣೂ ಹಾಯಿಸದೆ "ಹೌದು, ಹೌದು" ಎಂದೆ. "ಜೋಪಾನ ಮಾಡು, ಅದೇ ಸಾಕ್ಷಿ" ಎಂದು ತುಂಡನ್ನು ಕೊಟ್ಟರು. ಗೋಣಿಯಲ್ಲಿ ಸುತ್ತಿ ಮನೆಯ ಮೂಲೆಯಲ್ಲಿಟ್ಟೆ.

ಮೊದಲ ಸಲ ಹೋದಾಗ ಅಂಗಡಿಯ ಸಾಹುಕಾರರು, "ಬೇರೆ ಆಕ್ಸಲ್ ತಕ್ಕೊಂಡು ಹೋಗಿ. ಮಜೂರಿ ಮಾತ್ರ ಕೇಳ್ಬೇಡಿ" ಎಂದರು. ಎರಡನೆಯ ಸಲ ನಾನು ಕಪ್ಪು ಬಿರುಕಿನ ಮಾತೆತ್ತಿ ಜಗಳಕ್ಕೇ ನಿಂತೆ. ಮೂರು ದಿನದ ದುಡ್ಡು ನೀರಿಗೆ ಹಾಕಿ ಮತ್ತೆ ಮೂರು ದಿನದ್ದು ಎಲ್ಲಿಂದ ತರಲಿ? ಅವರು ತಣ್ಣಗೆ ಹೇಳಿದರು, "ನಿಮ್ಮ ಮೇಸ್ತ್ರಿ ಸುತ್ತಿಗೆಯಲ್ಲಿ ಬಡಿದು ಕೂಡಿಸಿದ್ದಾನೆ. ಮಾಲಿನದ್ದೇ ತಪ್ಪಾದರೆ ತೋರಿಸಿ, ಎರಡು ಸಲದ ಮಜೂರಿಯೂ ಕೊಡ್ತೇನೆ."

ಈ ಮಾತು ಜೆಪ್ಪು ಮುಟ್ಟಿತು. ಸುತ್ತಿಗೆಯ ಮೇಸ್ತ್ರಿ ಎಂದು ಹೆಸರು ಬಿದ್ದರೆ ಯಾರು ಕಾರು ತರುತ್ತಾರೆ? ಮೂರನೆಯ ಸಲ ಪೊರ್ಬು ಭಾನುವಾರ ಇಗರ್ಜಿಯ ಪ್ರಾರ್ಥನೆಗೆ ಹಾಕುವ ಕೋಟು ತೊಟ್ಟು ತಾವೇ ನನ್ನ ಜೊತೆ ಹೊರಟರು.

ಅಂಗಡಿಯ ಮೇಜಿನ ಮೇಲೆ ಗೋಣಿ ಬಿಚ್ಚಿದೆ. ತುಂಡು ತೊಳೆದಿಟ್ಟ ಲೋಟದ ಹಾಗೆ ಫಳಫಳ ಎನ್ನುತ್ತಿತ್ತು. ಹಿಂದಿನ ವಾರ ಆಯುಧಪೂಜೆ. ಅಮ್ಮ ಕತ್ತಿ, ಹಾರೆಗಳ ಜೊತೆ ಇದನ್ನೂ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದ್ದರು, ಪೂಜೆ ಮುಗಿದ ಮೇಲೆ ಮತ್ತೆ ಗೋಣಿಯಲ್ಲಿ ಸುತ್ತಿಟ್ಟಿದ್ದರು. ಹೂವು, ಕುಂಕುಮದ ಅಡಿಯಲ್ಲಿದ್ದ ಅದಕ್ಕೆ ಮಂಗಳಾರತಿ ಎತ್ತಿದವನು ನಾನೇ.

"ಕಪ್ಪು ಎಲ್ಲಿ ಉಂಟು?" ಎಂದರು ಸಾಹುಕಾರರು.

ಅಮ್ಮ ತಿಕ್ಕಿದ್ದನ್ನು ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಾಹುಕಾರರು ನಗಲಿಲ್ಲ.

"ಮೇಸ್ತ್ರಿಯ ಮಾತು ಬೇಡ, ಅದು ಅವನದೇ ಕೆಲಸ. ನೀವು ಕಂಡಿದ್ದೀರಾ? ನಿಮ್ಮ ಮನೆಯ ದೈವದ ಹೆಸರು ಹಿಡಿದು, ಕಪ್ಪನ್ನು ಕಣ್ಣಾರೆ ಕಂಡೆ ಅಂತ ಹೇಳಿ. ಈಗಲೇ ಕೊಡ್ತೇನೆ." ಮೇಜಿನ ಖಾನೆ ಎಳೆದೇಬಿಟ್ಟರು.

ನಮ್ಮಲ್ಲಿ ದೈವದ ಆಣೆ ಎಂದರೆ ಕೋರ್ಟಿನ ತೀರ್ಪಿಗಿಂತ ಮೇಲು. ಸುಳ್ಳಾದರೆ ಇಡೀ ಮನೆಗೆ ತಟ್ಟುತ್ತದೆಂಬ ಹೆದರಿಕೆ.

"ಹೇಳು ಮಾರಾಯ," ಎಂದರು ಪೊರ್ಬು, ನಿಶ್ಚಿಂತೆಯಿಂದ. "ನಾನು ತೋರಿಸಿದ್ದೇನಲ್ಲ."

ಅವರ ಮಾತಿನ ಮೇಲೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ನಾನು ಕಂಡಿರಲಿಲ್ಲ. ಕಂಡೆ ಎನ್ನಲು ದೈವದ ಭಯ. ನೋಡಿರಲಿಲ್ಲ ಎನ್ನಲು ಪೊರ್ಬುವಿನ ಎದುರು ನಾಚಿಕೆ. ನೆಲ ನೋಡುತ್ತ ನಿಂತೆ. ಖಾನೆ ಮುಚ್ಚಿದ ಸದ್ದು ಕೇಳಿಸಿತು. ತಲೆಯೆತ್ತುವಷ್ಟರಲ್ಲಿ ಪೊರ್ಬು ಹೊಸ ಆಕ್ಸಲನ್ನು ಹೆಗಲಿಗೇರಿಸಿ ಮೆಟ್ಟಲಿಳಿಯುತ್ತಿದ್ದರು.

ಮತ್ತೆ ಮೂರು ದಿನ ಅವರು ಕಾರಿನಡಿ ಮಲಗಿ ದುಡಿದರು. ಕೆಲಸ ಮುಗಿದಾಗ, ಸಾಲ ಮಾಡಿ ತಂದಿದ್ದ ಮಜೂರಿಯನ್ನು ಚಾಚಿದೆ.

"ಬೇಡ. ನಾನು ಕೂಡಿಸಿದ್ದೇ ತಪ್ಪು ಅಂತ ಬಂದರಿನಲ್ಲಿ ತೀರ್ಮಾನ ಆಯ್ತಲ್ಲ. ತಪ್ಪು ಮಾಡಿದವ ಮಜೂರಿ ತಕ್ಕೊಳ್ಳುವುದು ಹೇಗೆ?"

"ಹಾಗಲ್ಲ ಪೊರ್ಬುಗಳೇ, ನಾನು ಆ ದಿನ..." ಎಂದು ತೊಡಗಿದೆ. ಅಷ್ಟಕ್ಕೇ ನಿಲ್ಲಿಸಿ, ಚಾಚಿದ ದುಡ್ಡನ್ನು ಮತ್ತೆ ಎಣಿಸತೊಡಗಿದೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಡ್ರೈವರ್ ಸೀಟಿನ ಮೇಲಿಟ್ಟು, ಸಾಮಾನು ಎತ್ತಿಕೊಂಡು ಹೋದರು. ಬಿಚ್ಚಿ ನೋಡಿದೆ. ಮೊದಲ ಸಲ ಕೂಡಿಸಿದ್ದಕ್ಕೆ ನಾನು ಕೊಟ್ಟಿದ್ದ ಮಜೂರಿ, ಒಂದು ಕಾಸೂ ಕಡಿಮೆಯಿಲ್ಲದೆ ಅದರಲ್ಲಿತ್ತು.