ಕೋಟು ಮೂಸುತ್ತಿದ್ದ ಇಮಾಮ್ ಸಾಬರು

ಇಮಾಮ್ ಸಾಬರು ಯಾವ ಕೋಟನ್ನೂ ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ಕಾಲರಿನ ಒಳಭಾಗಕ್ಕೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಳ್ಳುವರು. ಕೋಟು ತಂದವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, ಅಷ್ಟು ಹೊತ್ತು ತಪ್ಪು ಮಾಡಿದವರ ಹಾಗೆ ನಿಂತಿರಬೇಕು. ಮೂಗು ತೆಗೆದ ಮೇಲೆಯೇ "ಬರ್ರಿ, ಕೂತ್ಕಳ್ರಿ" ಎಂಬ ಉಪಚಾರ.

ಚಳ್ಳಕೆರೆಯಲ್ಲಿ ಅವರದು ಲಾರಿ, ಜೀಪುಗಳ ಸೀಟು ಹೊಲಿಯುವ ಅಂಗಡಿ. ಪಕ್ಕದಲ್ಲೇ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು. ತೊಂಬತ್ತರ ದಶಕದಲ್ಲಿ ಒಮ್ಮೆ ಬೆಂಗಳೂರಿನ ಸಾಹೇಬರೊಬ್ಬರು ಹಳೇ ಜೀಪಿನ ಸೀಟು ಹೊಲಿಸಲು ಅಲ್ಲಿ ನಿಲ್ಲಿಸಿದರು. ಎರಡನೇ ಮಹಾಯುದ್ಧದ ಸಾಮಾನು ಕೂಡಿಡುವ ಹುಚ್ಚು ಅವರಿಗೆ. ಆ ಕಾಲದಲ್ಲಿ ವಿಮಾನ ಹಾರಿಸುವವರು ತೊಡುತ್ತಿದ್ದ ತೊಗಲಿನ ಕೋಟೊಂದು ಜೀಪಿನಲ್ಲಿತ್ತು. ಸಾಬರು ಅದನ್ನು ಮೂಸಿ, "ಕೋಟು ಹಳೇದು, ಕಾಲರು ಹೊಸಾದು. ಯಾರೋ ನಿಮಗೆ ಟೋಪಿ ಹಾಕ್ಯಾರೆ" ಎಂದರು. ಊರಿಗೆ ಹೋಗಿ ಬಿಚ್ಚಿಸಿ ನೋಡಿದರೆ ಮಾತು ನಿಜ. ಅಲ್ಲಿಂದ ಮುಂದೆ ಅಂಥ ಹುಚ್ಚಿನವರ ಕೋಟುಗಳೆಲ್ಲ ಬಸ್ಸಿನಲ್ಲಿ ಪಾರ್ಸಲ್ ಆಗಿ ಚಳ್ಳಕೆರೆಗೆ ಬರತೊಡಗಿದವು. ಅಸಲಿಯೋ ನಕಲಿಯೋ ಸಾಬರು ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡುವುದು, ಕೆಳಗೆ ಅವರು ಉರ್ದುವಿನಲ್ಲಿ ರುಜು ಹಾಕುವುದು.

ಈ ವಿದ್ಯೆ ಅವರ ತಂದೆಯದು. ಯುದ್ಧದ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲಿ ವಿಮಾನದವರ ಹರಿದ ಕೋಟುಗಳಿಗೆ ತೇಪೆ ಹಾಕುತ್ತಿದ್ದರಂತೆ. ಉಳಿದ ತೊಗಲಿನ ಚೂರುಗಳನ್ನು ಮನೆಗೆ ತಂದು ಟ್ರಂಕಿನಲ್ಲಿ ಇಟ್ಟಿದ್ದರು. ಸಾಬರು ಅವನ್ನು ಮೂಸಿಯೇ ಬೆಳೆದವರು. ಹೊಲಿಗೆಯಿಂದ ಒಂದೆಳೆ ದಾರ ಕಿತ್ತು ಬೆಂಕಿಕಡ್ಡಿಗೆ ಹಿಡಿಯುವರು. ಬೂದಿಯಾದರೆ ಹತ್ತಿ, ಉಂಡೆ ಕಟ್ಟಿದರೆ ನೈಲಾನು, ಅಂದರೆ ಆಮೇಲಿನದು. ಒಬ್ಬ ಶ್ರೀಮಂತರು ಗುಂಡು ಹೊಕ್ಕ ತೂತಿರುವ ಕೋಟೊಂದನ್ನು ಬಹಳ ಜಂಬದಿಂದ ತಂದಿದ್ದರು. ಸಾಬರು ತೂತಿನೊಳಗೆ ಬೆರಳಾಡಿಸಿ, "ಗುಂಡು ತೊಗಲಿಗೆ ಮಾತ್ರ ಬಿದ್ದೈತೆ, ಒಳಗಿನ ಅಸ್ತರಿಗೆ ಬಿದ್ದಿಲ್ಲ. ಭಾಳ ಮರ್ಯಾದಸ್ತ ಗುಂಡು. ಇದು ಬೀಡಿ ಕಣ್ರೀ ಸಾಹೇಬ್ರೆ" ಎಂದರು. ನಾನು ಟೈಪು ಮಾಡುವುದನ್ನು ನಿಲ್ಲಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಹೆಂಡತಿ ತೀರಿಕೊಂಡು, ಮಗಳು ಬಳ್ಳಾರಿಗೆ ಹೋದ ಮೇಲೆ ಸಾಬರು ಒಂಟಿ. ಮಧ್ಯಾಹ್ನ ಬೀದಿಗೆ ಬೆನ್ನು ಹಾಕಿ ಕೂತು ಊಟ ಮಾಡುತ್ತಿದ್ದರು. ನನಗೂ ಮನೆಯಲ್ಲಿ ಮಾತಾಡುವವರು ಇರಲಿಲ್ಲ. ಹಾಗಾಗಿ ಪಕ್ಕದಂಗಡಿಯ ಮಾತಿಗೆ ಕಿವಿ ಕೊಡುವುದು ನನ್ನ ಚಟ. ಸೋಮವಾರ ಮಾತ್ರ ಆ ಅಂಗಡಿಗೆ ಜೀವ ಬರುತ್ತಿತ್ತು. ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ನೇಯುವ ತಿಪ್ಪೇಸ್ವಾಮಿ ಬರುತ್ತಿದ್ದರು. ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ, ಲೇ ಎಂದು ಬೈದಾಡುತ್ತ, ಸಂಜೆ ಬಸ್ಸಿನವರೆಗೆ ನಗುವುದೇ ನಗುವುದು. ನಲವತ್ತು ವರ್ಷದ ಸ್ನೇಹವದು.

ಒಂದು ಸೋಮವಾರ ತಿಪ್ಪೇಸ್ವಾಮಿ ಚೀಲದಲ್ಲಿ ಕೋಟು ತಂದರು. ಅವರ ತಂದೆ ಯುದ್ಧದಲ್ಲಿ ಅಸ್ಸಾಮಿನ ಕಡೆ ವಿಮಾನದವರಿಗೆ ಅಡುಗೆ ಮಾಡುತ್ತಿದ್ದವರು. ಊರಿಗೆ ಹೊರಟಾಗ ಅಮೆರಿಕದ ಪೈಲಟ್ ಒಬ್ಬ ತನ್ನ ಕೋಟು ಬಿಚ್ಚಿ ಕೊಟ್ಟನಂತೆ. ಕೇರಿಯವರು ಮಾತ್ರ, ಮುದುಕ ಯುದ್ಧಕ್ಕೆ ಹೋಗಿಯೇ ಇಲ್ಲ, ಸಂತೆಯಲ್ಲಿ ಕೊಂಡ ಕೋಟು ಎಂದು ಆಡಿಕೊಂಡು ನಗುತ್ತಿದ್ದರು.

"ಅಪ್ಪ ಹಾಸಿಗೆ ಹಿಡಿದಾನೆ ಇಮಾಮಾ. ಅಸಲಿ ಅಂತ ಒಂದು ಕಾಗದ ಬರ್ಕೊಡು, ಗೋಡೆಗೆ ಹಾಕ್ತೀನಿ. ಅವನ ಕಣ್ಮುಂದೇನೇ ಎಲ್ಲರ ಬಾಯಿ ಮುಚ್ಲಿ."

ಸಾಬರು ಮೂಸಿದರು. ಇನ್ನೊಮ್ಮೆ ಮೂಸಿದರು. ದಾರ ಸುಟ್ಟರು. ಮುಖ ಎತ್ತದೆಯೇ, "ಮೇಕೆ ತೊಗಲು. ತಂಗಡಿ ಗಿಡದ ತೊಗಟೆ ಹಾಕಿ ಹದ ಮಾಡಿದ್ದು, ನಮ್ಮ ಕಡೇದೇ. ಹೊಲಿಗೇನೂ ನಮ್ಮೋರದ್ದೇ. ಇದು ಅಮೆರಿಕದ್ದಲ್ಲ ತಿಪ್ಪೇಶಿ" ಎಂದರು.

ನಾನು ಮಷೀನು ಬಿಟ್ಟು ಎದ್ದು ಬಂದೆ. "ಸಾಬ್ರೆ, ಮನೆ ಮಟ್ಟಿಗೆ ತಾನೆ, ಬರೆದರಾಯ್ತು" ಎಂದೆ.

"ಸ್ನೇಹಕ್ಕೆ ಅಂತ ಬರೆದ್ರೆ ನಾಳೆ ನನ್ನ ಮಾತು ಯಾರು ನಂಬ್ತಾರೆ ಟೀಚರಮ್ಮ?"

"ಇದ್ದಿದ್ದೇ ಬರೀರಿ ಅಮ್ಮ" ಎಂದರು ತಿಪ್ಪೇಸ್ವಾಮಿ. ಅಮೆರಿಕದ್ದಲ್ಲ ಎಂದೇ ಇಂಗ್ಲಿಷಿನಲ್ಲಿ ಟೈಪು ಮಾಡಿಕೊಟ್ಟೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, "ಬರ್ತೀನಿ" ಎಂದು ಹೋದರು. ಮುಂದಿನ ಸೋಮವಾರ ಬರಲಿಲ್ಲ. ಆಮೇಲೆ ಯಾವ ಸೋಮವಾರವೂ ಬರಲಿಲ್ಲ. ಸಾಬರು ಕೆಲವು ವಾರ ಎರಡು ಪೊಟ್ಟಣ ಮಂಡಕ್ಕಿ ತರಿಸಿ, ಒಂದನ್ನು ನನಗೆ ಕಳಿಸಿದರು. ಬರಬರುತ್ತ ತರಿಸುವುದನ್ನೇ ಬಿಟ್ಟರು. ಹೋಗಿ ಮಾತಾಡಿಸಿ ಬನ್ನಿ ಎಂದರೆ, "ಸುಳ್ಳು ಹೇಳಿಲ್ಲಲ್ಲ ನಾನು" ಎಂದು ಮಷೀನು ತುಳಿಯುವರು.

ಎರಡು ವರ್ಷ ಕಳೆದವು. ಬೆಂಗಳೂರಿನ ಸಾಹೇಬರು ಹೊಸದಾಗಿ ಕೊಂಡ ಯುದ್ಧಕಾಲದ ಕೋಟೊಂದು, ಜೊತೆಗೆ ಹಳೆಯ ಫೋಟೋ ತಂದರು. ಕೋಟಿನಲ್ಲಿ ಅದೇ ತಂಗಡಿ ವಾಸನೆ. ಫೋಟೋದಲ್ಲಿ ಡೇರೆಯ ಮುಂದೆ ಅದೇ ಕೋಟು ತೊಟ್ಟು ನಿಂತ ಅಮೆರಿಕದ ಪೈಲಟ್. ಯುದ್ಧದಲ್ಲಿ ಕೋಟು ಸಾಲದೆ ಬಂದಾಗ ಇಲ್ಲಿನ ದರ್ಜಿಗಳೇ ಎಷ್ಟೋ ಕೋಟು ಹೊಲಿದುಕೊಟ್ಟಿದ್ದರು, ಈಗ ಎಲ್ಲಕ್ಕಿಂತ ಅಪರೂಪದವು ಅವೇ ಎಂದರು ಸಾಹೇಬರು.

ಅವರು ಹೋದ ಮೇಲೆ ಸಾಬರು ನನ್ನ ಬಾಗಿಲಿಗೆ ಬಂದು ನಿಂತರು.

"ನಮ್ಮ ಅಬ್ಬಾ ಹೇಳ್ತಿದ್ರು ಟೀಚರಮ್ಮ. ತೇಪೆ ಅಷ್ಟೇ ಅಲ್ಲ, ಹೊಸಾ ಕೋಟೂ ಹೊಲ್ದು ಕೊಟ್ವಿ ಅಂತ. ಬಡಾಯಿ ಅಂದ್ಕಂಡಿದ್ದೆ. ನಮ್ಮೋರು ಹೊಲ್ದಿದ್ದು ಅಂದ ತಕ್ಷಣ ನಕಲಿ ಅಂತ ಯಾಕಂದೆ ನಾನು?"

ಅವತ್ತೇ ಹೊಸ ಕಾಗದ ಟೈಪು ಮಾಡಿಸಿಕೊಂಡು, ಮರುದಿನ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಮಧ್ಯಾಹ್ನಕ್ಕೇ ವಾಪಸ್ಸು. ನಾನು ನೀರು ಕೊಟ್ಟೆ. ಲೋಟ ಹಿಡಿದುಕೊಂಡೇ ಹೇಳಿದರು.

"ಮುದುಕ ಹೋಗಿ ಆರು ತಿಂಗಳಾಯ್ತಂತೆ. ಅವತ್ತು ತಿಪ್ಪೇಶಿ ಮನೆಗೆ ಹೋಗಿ, ಅಸಲಿ ಅಂತ ಬರೆದಾರೆ ಅಂದನಂತೆ. ಇಂಗ್ಲಿಷು ಓದೋರು ಯಾರವ್ರೆ ಆ ಮನೇಲಿ? ಗೋಡೆಗೆ ಹಾಕಿದ್ರೆ ಯಾರಾದ್ರೂ ಓದಿಬಿಟ್ಟಾರು ಅಂತ ಮುದುಕನ ಕೈಗೇ ಕೊಟ್ನಂತೆ. ಮುದುಕ ಅದನ್ನ ತಲೆದಿಂಬಿನ ಕೆಳಗೆ ಇಟ್ಕಂಡು ಮಲಗ್ತಿದ್ನಂತೆ."

ನಾನು ಟೈಪು ಮಾಡಿದ ಕಾಗದ.

"ಮತ್ತೆ ತಿಪ್ಪೇಸ್ವಾಮಿ?"

"'ಅಪ್ಪ ಖುಷಿಯಾಗೇ ಹೋದ ಇಮಾಮಾ. ನಾನೇ ಅವನ ಮುಖ ನೋಡಿ ಮಾತಾಡ್ಲಿಲ್ಲ. ಸುಳ್ಳುಗಾರ ಅಂದ್ಕಂಡೇ ಮಣ್ಣು ಮಾಡ್ದೆ' ಅಂದ. ಹೊಸ ಕಾಗದ ಇಸ್ಕಂಡ. ಕೂತ್ಕ ಅನ್ಲಿಲ್ಲ."

ಆಮೇಲೆ ಬಂದ ಪಾರ್ಸಲ್ಲುಗಳನ್ನು ಸಾಬರು ಬಿಚ್ಚದೆಯೇ ಹಿಂದಕ್ಕೆ ಕಳಿಸಿದರು. ಸೀಟು ಹೊಲಿಗೆಯೊಂದೇ ಉಳಿಯಿತು. ಒಂದು ದಿನ ಪೋಸ್ಟ್ ಕಾರ್ಡು ಹಿಡಿದು ಬಂದು, ತಿಪ್ಪೇಸ್ವಾಮಿಗೆ ಕನ್ನಡದಲ್ಲಿ ಬರೆದುಕೊಡಿ ಎಂದರು. ಏನು ಬರೆಯಲಿ ಎಂದೆ.

"'ಬಾ' ಅಂತ ಬರೀರಿ. ಬ್ಯಾಡ, ತಡೀರಿ. 'ನಾನು ಬರ್ಲಾ' ಅಂತ ಬರೀರಿ."

ಅಷ್ಟೇ ಬರೆದೆ. ದಿನಾ ಟಪಾಲಿನ ಹೊತ್ತಿಗೆ ಅಂಗಡಿಯ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದರು. ಪೋಸ್ಟ್‌ಮನ್ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ನಾಲ್ಕು ತಿಂಗಳು ಹೀಗೆ ನಡೆಯಿತು. ಐದನೇ ತಿಂಗಳು, ಮಷೀನಿನ ಮುಂದೆ ಕೂತಲ್ಲೇ ಎದೆನೋವು ಬಂದು ತೀರಿಕೊಂಡರು. ಮೊಳಕಾಲ್ಮೂರಿಗೆ ನಾನೇ ಕಾಗದ ಬರೆದು ತಿಳಿಸಿದೆ.

ತಿಪ್ಪೇಸ್ವಾಮಿ ಬಂದಾಗ ಎಲ್ಲ ಮುಗಿದು ವಾರವಾಗಿತ್ತು. ಬೀಗ ಹಾಕಿದ ಅಂಗಡಿಯ ಮುಂದೆ ನಿಂತಿದ್ದು, ಆಮೇಲೆ ನನ್ನಲ್ಲಿಗೆ ಬಂದರು. ಜೇಬಿನಿಂದ ಮಾಸಿದ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಕಡೆ ಇಮಾಮ್ ಸಾಬರ ವಿಳಾಸವಿತ್ತು. ತಿರುಗಿಸಿ ನೋಡಿದೆ, ಇನ್ನೊಂದು ಕಡೆ ಖಾಲಿ.

"ಏನು ಬರೀಬೇಕು ಅಂತ ತಿಳೀಲಿಲ್ಲ ರೀ ಅಮ್ಮ" ಎಂದರು.