ಬಸ್ಸನ್ನು ಬೈಯುತ್ತ ಬಸ್ಸಿಗೆ ಕಾದವರು

ಬ್ರಿಟನ್ನಿನ ಸಾರಿಗೆ ನೀತಿಯ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ ಎಂದರೆ ನನ್ನ ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟು ನಗುತ್ತಾಳೆ. ನಗಲಿ, ತಪ್ಪೇನಿಲ್ಲ. ನಾನು ಬ್ರಿಟನ್ ಕಂಡವನಲ್ಲ. ದಾವಣಗೆರೆ ಬಿಟ್ಟರೆ ಬಹರೇನ್, ಬಹರೇನ್ ಬಿಟ್ಟರೆ ದಾವಣಗೆರೆ. ಸಾಲದ್ದಕ್ಕೆ ಆಗ ನನಗೆ ಕಾರು ಓಡಿಸಲೂ ಬರುತ್ತಿರಲಿಲ್ಲ. ಬಹರೇನಿನ ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಎಷ್ಟು ಸಲ ಡುಮ್ಕಿ ಹೊಡೆದೆ ಎಂಬುದನ್ನು ಮನೆಯವರು ಲೆಕ್ಕವಿಡುವುದನ್ನೇ ಬಿಟ್ಟಿದ್ದರು. ರೌಂಡಬೌಟ್ ಎದುರಾದರೆ ಒಳಗೆ ನುಗ್ಗಲು ಧೈರ್ಯವಿಲ್ಲ. ಹೇಗೋ ನುಗ್ಗಿದೆನೋ, ಹೊರಗೆ ಬರಲು ದಾರಿ ತಿಳಿಯದು. ಪಕ್ಕದಲ್ಲಿ ಕೂತ ಪರೀಕ್ಷಕರು ‘ಖಲಾಸ್’ ಎಂದು ಇಳಿಸಿ ಕಳಿಸುತ್ತಿದ್ದರು.

ಹಾಗಾಗಿ ನನ್ನ ಅಭಿಪ್ರಾಯಗಳೆಲ್ಲ ಎರವಲು ತಂದವು. ಕೊಟ್ಟವರು ಹಾರ್ಟ್ಲಿ ಸಾಹೇಬರು. ಸಿತ್ರಾದ ನಮ್ಮ ಕಾರ್ಖಾನೆಯಲ್ಲಿ ನಾನು ಲೆಕ್ಕಪತ್ರ ನೋಡುವವನು, ಅವರು ಪ್ಲಾನಿಂಗ್ ವಿಭಾಗದ ಹಿರಿಯ ಇಂಗ್ಲಿಷ್ ಎಂಜಿನಿಯರು. ಅವರ ಊರಿನ ಪತ್ರಿಕೆ ಒಂದು ದಿನ ಹಳಸಿ ಕೈಗೆ ಬಂದರೂ ಅವರ ಸಿಟ್ಟು ಮಾತ್ರ ಬಿಸಿಬಿಸಿಯಾಗಿರುತ್ತಿತ್ತು. ಲಂಡನ್ನಿನ ನಡುಭಾಗಕ್ಕೆ ಕಾರು ತಂದವರಿಂದ ಸುಂಕ ವಸೂಲಿ ಮಾಡತೊಡಗಿದ್ದ ಕಾಲ ಅದು. ‘ತೆರಿಗೆ ಕಟ್ಟಿ ರಸ್ತೆ ಮಾಡಿಸಿದವನೂ ನಾನೇ, ಅದರ ಮೇಲೆ ಹೋಗಲು ಮತ್ತೆ ದುಡ್ಡು ಕೊಡುವವನೂ ನಾನೇ’ ಎಂದು ಅವರು ಚಹಾದ ಹೊತ್ತಿಗೆ ಶುರು ಮಾಡುತ್ತಿದ್ದರು. ಸ್ಪೀಡ್ ಕ್ಯಾಮೆರಾ ಎಂದರೆ ಗಿಡದ ಮರೆಯಲ್ಲಿ ನಿಂತು ಜನರ ಜೇಬಿಗೆ ಕೈಹಾಕುವ ಸರ್ಕಾರ. ರೈಲನ್ನು ಖಾಸಗಿಯವರಿಗೆ ಕೊಟ್ಟದ್ದು ಸರಿ, ಹಳಿ ಒಬ್ಬರಿಗೆ ಬಂಡಿ ಇನ್ನೊಬ್ಬರಿಗೆ ಎಂದು ಹಂಚಿದ್ದು ತಪ್ಪು. ಬಸ್ಸೋ, ಅದರ ಸುದ್ದಿಯೇ ಬೇಡ. ಮನುಷ್ಯ ಎಲ್ಲಿಗೆ ಯಾವಾಗ ಹೋಗಬೇಕೆಂದು ಇನ್ನೊಬ್ಬ ತೀರ್ಮಾನಿಸುವ ವಾಹನ ಅದು.

ಇಂಥ ಮಾತು ಆಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಹಾರ್ಟ್ಲಿಯವರ ಮೇಲೆ ಭಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಸ್ಪೀಡ್ ಕ್ಯಾಮೆರಾಕ್ಕೆ ಅಷ್ಟು ಶಾಪ ಹಾಕುವ ಈ ಮನುಷ್ಯ, ಕ್ಯಾಮೆರಾ ಇಲ್ಲದ ಖಾಲಿ ಹೆದ್ದಾರಿಯಲ್ಲೂ ಮಿತಿ ಮೀರಿ ಓಡಿಸಿದವರಲ್ಲ. ಒಮ್ಮೆ ಅವರ ಕಾರಿನಲ್ಲಿ ಸನದ್ ಎಂಬ ಊರಿನ ತನಕ ಹೋಗಿದ್ದಾಗ ಹಿಂದಿನವರೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ನಾನೇ ಕಸಿವಿಸಿಗೊಂಡು, ಯಾಕಿಷ್ಟು ನಿಧಾನ ಎಂದು ಕೇಳಿದೆ. ‘ಕಾವಲಿದ್ದಾಗ ಮಾತ್ರ ನೆಟ್ಟಗಿರುವವನು ಸ್ವಾತಂತ್ರ್ಯ ಕೇಳಬಾರದು’ ಎಂದರು.

ನಮ್ಮಲ್ಲಿ ಯೋಗಕ್ಷೇಮ ಎಂಬ ಮಾತಿದೆಯಲ್ಲ, ಅದನ್ನು ಹಳಬರು ಬಿಡಿಸಿ ಹೇಳುತ್ತಾರೆ: ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಜಗತ್ತಿನ ರಾಜಕೀಯವನ್ನೆಲ್ಲ ಈ ಎರಡು ಪಕ್ಷಗಳಲ್ಲಿ ಹಂಚಿಬಿಡಬಹುದು ಎನಿಸುತ್ತದೆ. ಹಾರ್ಟ್ಲಿ ಅಪ್ಪಟ ಕ್ಷೇಮ ಪಕ್ಷ. ಗಲ್ಫಿಗೆ ಬರುವ ನಾವೆಲ್ಲ ಊರು ಬಿಡುವಾಗ ಯೋಗ ಪಕ್ಷದವರು. ವೀಸಾ ಕೈಗೆ ಬಂದದ್ದೇ ತಡ, ಸದ್ದಿಲ್ಲದೆ ಪಕ್ಷಾಂತರ ಮಾಡುತ್ತೇವೆ.

ಆ ಕ್ಷೇಮಕ್ಕೇ ಒಮ್ಮೆ ಸಂಚಕಾರ ಬಂತು. ನಾವು ವಾಸವಿದ್ದ ಸೆಗಯಾದಿಂದ ಸಿತ್ರಾಕ್ಕೆ ನಮ್ಮನ್ನು ಒಯ್ಯುತ್ತಿದ್ದ ಕಂಪನಿ ಬಸ್ಸನ್ನು ನಿಲ್ಲಿಸಿ, ಬದಲಿಗೆ ಎಲ್ಲರಿಗೂ ಭತ್ಯೆ ಕೊಡುವುದು ಎಂದು ಮುದೀರ್ ಯೋಚಿಸಿದರು. ಮುದೀರ್ ಎಂದರೆ ನಮ್ಮ ಮ್ಯಾನೇಜರು. ಬಸ್ಸು ಹೋದರೆ ನನ್ನಂಥ ಲೈಸೆನ್ಸಿಲ್ಲದವನಿಗೆ ತಾಪತ್ರಯ, ಅಷ್ಟೆ. ಪುತ್ತೂರಿನ ಹಮೀದಾಕ ಅದರ ಡ್ರೈವರು. ಅವರಿಗೆ ಬಸ್ಸಿನ ಜೊತೆಗೆ ಕೆಲಸವೂ ಹೋಗುತ್ತಿತ್ತು, ವೀಸಾವೂ ಹೋಗುತ್ತಿತ್ತು. ‘ಎಂಥ ಮಾಡುದು ಮಾರಾಯ್ರೆ, ದೊಡ್ಡ ಮಗಳ ಮದುವೆ ಮಾತು ಆಗ್ತಾ ಉಂಟು. ಈಗ ಊರಿಗೆ ಹೋಗಿ ಕೂತ್ರೆ ಆಗ್ತದಾ?’ ಎಂದು ಅವರು ಸ್ಟೇರಿಂಗ್ ಒರೆಸುತ್ತ ಹೇಳಿದ್ದು ಇಡೀ ದಿನ ನನ್ನ ಕಿವಿಯಲ್ಲೇ ಇತ್ತು.

ಇದಕ್ಕಾಗಿ ಮುದೀರ್ ಕರೆದ ಮೀಟಿಂಗಿಗೆ ಹಾರ್ಟ್ಲಿ ಬಂದಾಗ ನಾನು ಬಸ್ಸಿನ ಆಸೆ ಬಿಟ್ಟೆ. ದುಡ್ಡು ಕೈಗೆ ಕೊಟ್ಟು ಅವರವರ ದಾರಿಗೆ ಬಿಡಿ ಎನ್ನುವುದು ಅವರ ಧರ್ಮವೇ ಆಗಿತ್ತಲ್ಲ. ಅವರು ಎದ್ದು ನಿಂತು ಹೇಳಿದ್ದು ಇಷ್ಟು: ‘ಬೇರೆಯವರ ತೆರಿಗೆಯಲ್ಲಿ ಓಡುವ ಬಸ್ಸಾಗಿದ್ದರೆ ನಾನೇ ಇವತ್ತು ನಿಲ್ಲಿಸಿ ಎನ್ನುತ್ತಿದ್ದೆ. ಇದು ಹಾಗಲ್ಲ. ಬಸ್ಸಿದೆ ಎಂದು ಹೇಳಿ ಇವರನ್ನು ಕೆಲಸಕ್ಕೆ ಕರೆದಿದ್ದೀರಿ. ಕೊಟ್ಟ ಮಾತನ್ನು ಕೊಟ್ಟವರೊಬ್ಬರೇ ಬದಲಿಸುವಂತಿಲ್ಲ. ಬೇಕಾದವರು ದುಡ್ಡು ತೆಗೆದುಕೊಳ್ಳಲಿ, ಬೇಕಾದವರು ಬಸ್ಸು ಹತ್ತಲಿ.’

ಮುದೀರ್ ಒಪ್ಪಿದರು, ಆದರೆ ಅರ್ಧ ಬಸ್ಸಾದರೂ ತುಂಬಬೇಕು ಎಂದರು. ದುಡ್ಡಿನ ಮುಂದೆ ಬಸ್ಸು ಯಾರಿಗೆ ಬೇಕು ಹೇಳಿ. ಹೆಸರು ಕೊಟ್ಟವರನ್ನೆಲ್ಲ ಕೂಡಿಸಿದರೂ ಒಬ್ಬರು ಕಡಿಮೆ ಬಿದ್ದರು. ನಾನು ಹೋಗಿ ಹಾರ್ಟ್ಲಿಯವರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, ‘ನನ್ನ ಹೆಸರು ಬರೆಯಿರಿ’ ಎಂದರು.

ಹೆಸರು ಮಾತ್ರ ಕೊಟ್ಟು ಕಾರಿನಲ್ಲಿ ಬರುತ್ತಾರೆ ಎಂದುಕೊಂಡಿದ್ದೆ. ನಾವಾಗಿದ್ದರೆ ಹಾಗೇ ಮಾಡುತ್ತಿದ್ದೆವು. ಮರುದಿನ ಬೆಳಿಗ್ಗೆ ನೋಡಿದರೆ, ಪಕ್ಕದ ಅದ್ಲಿಯಾದಿಂದ ನಡೆದು ಬಂದು ಬೆವರುತ್ತ ನಿಂತಿದ್ದಾರೆ. ಅಂದಿನಿಂದ ಪ್ರತಿದಿನ ನನ್ನ ಪಕ್ಕವೇ ಕೂತು, ಸಿತ್ರಾ ಬರುವ ತನಕ ಬಸ್ಸೆಂಬ ವ್ಯವಸ್ಥೆಯನ್ನು ಬೈಯುತ್ತಿದ್ದರು. ಮನಸ್ಸು ಬದಲಾಯಿಸಿಕೊಂಡು ಒಳ್ಳೆಯವರಾಗುವುದು ಸುಲಭ. ಅಭಿಪ್ರಾಯವನ್ನು ಒಂದಿಷ್ಟೂ ಬಿಟ್ಟುಕೊಡದೆ ಇನ್ನೊಬ್ಬರ ಅನ್ನ ಉಳಿಸುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ. ನನಗೆ ಅವರ ಮೇಲೆ ಇರುವುದು ಬರೀ ಮೆಚ್ಚುಗೆಯಲ್ಲ, ಪ್ರೀತಿ.

ಅಷ್ಟರಲ್ಲಿ, ಯಾವ ದೇವರ ಕಣ್ತಪ್ಪೋ, ನಾನು ಪರೀಕ್ಷೆ ಪಾಸಾಗಿಬಿಟ್ಟೆ. ಹೆಂಡತಿ ಪಾಯಸ ಮಾಡಿದಳು. ಕೊಳ್ಳಬಹುದಾದ ಹಳೆಯ ಕಾರೊಂದನ್ನೂ ನೋಡಿಟ್ಟಳು. ಹಮೀದಾಕ ನನ್ನ ಕೈಹಿಡಿದು, ‘ಲೈಸೆನ್ಸ್ ಸಿಕ್ಕಿತಂತೆ, ಒಳ್ಳೇದಾಯ್ತು ಮಾರಾಯ್ರೆ’ ಎಂದರು. ನಾನು ಇಳಿದರೆ ಮತ್ತೆ ಒಬ್ಬರು ಕಡಿಮೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ಆ ಮಾತು ಎತ್ತಲಿಲ್ಲ. ಅಂದು ನನಗೆ ಪಾಯಸ ರುಚಿಸಲಿಲ್ಲ.

ಮರುದಿನ ಬಸ್ಸಿನ ಜಾಗದಲ್ಲಿ ನನ್ನನ್ನು ಕಂಡು ಹಾರ್ಟ್ಲಿ ಹುಬ್ಬು ಗಂಟಿಕ್ಕಿದರು. ‘ಲೈಸೆನ್ಸ್ ಬಂದಿದೆ. ಇನ್ನು ನೀವು ಸ್ವತಂತ್ರರು. ಸ್ವಾತಂತ್ರ್ಯವನ್ನು ಬಳಸಿಕೊಳ್ಳಬೇಕು’ ಎಂದರು.

‘ಬಳಸಿಕೊಂಡೇ ಇಲ್ಲಿ ನಿಂತಿದ್ದೇನೆ ಸರ್’ ಎಂದೆ.

ಅವರು ರಸ್ತೆಯ ಕಡೆ ನೋಡಿದರು. ಬಸ್ಸು ಅಂದು ತಡವಾಗಿತ್ತು. ‘ಇದಕ್ಕೇ ನಾನು ಬಸ್ಸುಗಳನ್ನು ನಂಬುವುದಿಲ್ಲ’ ಎಂದರು. ನಾನೂ ಮನಸಾರೆ ಹೌದೆಂದೆ.