ಲಿವರ್ ಕೊಟ್ಟವರಿಗೆ ಇಟ್ಟ ಎಡೆ

ತೀರಿಕೊಂಡವರು ಬಂದು ಎಡೆ ಉಣ್ಣುತ್ತಾರೆ ಎಂದರೆ ನನಗೆ ನಗು ಬರುತ್ತಿತ್ತು. ಕಾನ್ವೆಂಟಿನಲ್ಲಿ ಓದಿದವಳು, ಇಂಥದ್ದೆಲ್ಲ ನಾನ್‌ಸೆನ್ಸ್ ಅನ್ನುತ್ತಿದ್ದೆ. ಆನೆಸ್ಟ್ ಆಗಿ ಹೇಳುತ್ತೇನೆ, ಈಗಲೂ ನಂಬಿಕೆಯಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಎರಡು ಸಾವಿರದ ದಶಕದ ಕೊನೆಯ ಮಾತು. ನನ್ನ ಯಜಮಾನರ ಲಿವರ್ ಪೂರಾ ಕೆಟ್ಟಿತ್ತು. ಬೆಂಗಳೂರಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಸಿಕ್ಕಿರೋದು ವಯಸ್ಸಾಗಿ ತೀರಿಕೊಂಡವರ ಲಿವರ್, ಕೊಬ್ಬೂ ಇದೆ. ರಿಸ್ಕ್ ಜಾಸ್ತಿ. ಆದರೆ ಒಳ್ಳೇದಕ್ಕೆ ಕಾಯ್ತಾ ಕೂತರೆ ಇವರು ಉಳಿಯೋಲ್ಲ." ಒಪ್ಪಿದೆವು. ಕೊಟ್ಟವರು ಯಾರೆಂದು ಹೇಳುವ ಪದ್ಧತಿಯಿಲ್ಲವಂತೆ. ಇವರು ಚೇತರಿಸಿಕೊಂಡು ನಂಜನಗೂಡಿಗೆ ಬಂದರು. ಊಟ ರುಚಿಸಿತು, ಮುಖಕ್ಕೆ ಬಣ್ಣ ಬಂತು.

ಮಹಾಲಯ ಅಮಾವಾಸ್ಯೆಗೆ ಟಿ. ನರಸೀಪುರದಿಂದ ಇವರ ಅಕ್ಕ, ನನ್ನ ಅತ್ತಿಗೆ, ಬಂದಿದ್ದರು. ಅತ್ತೆ ಮಾವನ ಫೋಟೋ ಮುಂದೆ ಎರಡು ಬಾಳೆಲೆ ಹಾಸಿದಾಗ ಇವರು, "ಲಿವರ್ ಕೊಟ್ಟೋರ್ಗೂ ಒಂದು ಹಾಕಕ್ಕ" ಎಂದರು.

ಅತ್ತಿಗೆಯ ಕೈ ನಿಂತಿತು. "ಲೋ, ಅವ್ರುದು ಇನ್ನೂ ನಿನ್ನೊಟ್ಟೇಲಿ ಜೀವ್ವಾಗದೆ ಕಣೋ. ಪೂರ್ತಿ ಸಾಯ್ದೆ ಇರೋರ್ಗೆ ಯಾರಾದ್ರೂ ಎಡೆ ಇಕ್ತಾರಾ?"

"ಅಂಗಾದ್ರೆ ಅವ್ರ ಪಾಲ್ನೂ ನಾನೇ ತಿಂದ್ಬುಡ್ತೀನಿ ಬುಡು" ಎಂದು ನಕ್ಕು, ಇವರೇ ಮೂರನೆಯ ಬಾಳೆಲೆ ಹಾಸಿ ಬಡಿಸಿದರು. ಗಂಡಸೋ ಹೆಂಗಸೋ, ಏನಿಷ್ಟವೋ ಗೊತ್ತಿಲ್ಲವಲ್ಲ, ಯಾರಿಗಾದರೂ ಆದೀತೆಂದು ತಾಂಬೂಲವನ್ನೂ ಇಟ್ಟರು.

ಹಿರಿಯರು ಉಣ್ಣಲೆಂದು ಮನೆಯವರೆಲ್ಲ ಹೊರಗಿರುವುದು ನಮ್ಮ ಕಡೆಯ ಪದ್ಧತಿ. ಕೊನೆಗೆ ಕೈಮುಗಿದು ಬಾಗಿಲು ಮುಂದೆ ಮಾಡಿದವಳು ನಾನೇ. ಆಗ ತಾಂಬೂಲ ಅಲ್ಲೇ ಇತ್ತು. ಮೂವರೂ ಜಗಲಿಯಲ್ಲಿ ಕೂತೆವು, ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಇವರು ಸುಮ್ಮನೆ ಬಾಯಾಡಿಸತೊಡಗಿದರು. "ಏನ್ರೀ ಅದು?" ಎಂದೆ. ತಿರುಗಿದರು. ತುಟಿ, ಹಲ್ಲು ಎಲ್ಲ ಕೆಂಪು. ಜನ್ಮದಲ್ಲಿ ಅಡಿಕೆ ಮುಟ್ಟದವರ ಬಾಯಿಂದ ವೀಳ್ಯದೆಲೆ, ಸುಣ್ಣದ ವಾಸನೆ.

ಅತ್ತಿಗೆ ಓಡಿಹೋಗಿ ಬಾಗಿಲು ತೆಗೆದರು. ಮೂರನೆಯ ಎಡೆಯಲ್ಲಿ ಅನ್ನ, ಪಾಯಸ ಬಡಿಸಿದ ಹಾಗೇ ಇದ್ದವು. ತಾಂಬೂಲ ಇರಲಿಲ್ಲ.

ಮರುದಿನ ಇವರ ಕಣ್ಣು ಹಳದಿಯಾಯಿತು. ದೀಪಾವಳಿಗೆ ಇವರೇ ಇರಲಿಲ್ಲ.

"ಲಿವರ್ ಸೋತರೆ ಒಸಡಲ್ಲಿ ರಕ್ತ ಬರುತ್ತೆ ಮ್ಯಾಡಮ್. ರಿಸ್ಕ್ ಇದೆ ಅಂತ ಮೊದಲೇ ಹೇಳಿದ್ವಲ್ಲ" ಎಂದರು ಡಾಕ್ಟರು. ಸರಿ, ಕೆಂಪು ರಕ್ತವೇ ಇರಬಹುದು. ಆ ವಾಸನೆ? ತಾಂಬೂಲ ಏನಾಯಿತು? ಅತ್ತಿಗೆಯಂತೂ ತಿಥಿಯ ದಿನ ನೆಂಟರೆದುರಿಗೇ ಅಂದುಬಿಟ್ಟರು: "ಕರ್ದ, ಬಂದ್ರು, ತಮ್ದು ತಕಂಡೋದ್ರು."

ಇಂಥದ್ದೇ ಲಿವರ್ ಹಾಕಿಸಿಕೊಂಡ ಹುಲ್ಲಹಳ್ಳಿಯವರೊಬ್ಬರು ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ, "ಚೆನ್ನಾಗಿದ್ದೀರಾ ಅಮ್ಮ?" ಎನ್ನುತ್ತಾರೆ. ಕೊಟ್ಟವರಿಗೆ ನೀವೂ ಎಡೆ ಇಟ್ಟಿದ್ದಿರಾ ಎಂದು ಕೇಳಲು ಪ್ರತಿ ಸಲ ಬಾಯಿಗೆ ಬರುತ್ತದೆ. ಹೌದು ಎಂದರೂ ತಡೆಯಲಾರೆ, ಇಲ್ಲ ಎಂದರೂ ತಡೆಯಲಾರೆ. "ಫೈನ್" ಎಂದು ಬಸ್ ಹತ್ತುತ್ತೇನೆ.